ಬರುವಾಗ ಒಂದೂವರೆ ಗಂಟೆ

ವಿಮಾನಗಳ ಬಗ್ಗೆ ಜಗತ್ತಿಗೆ ಇದುವರೆಗೂ ಗೊತ್ತಿರದ ಒಂದು ಮಹತ್ತರ ಸಂಗತಿ, ಗುರುವಾರ ಸಂಜೆ ನಾಲ್ಕೂಮುಕ್ಕಾಲಿಗೆ, ವಾಚ್ ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಬಯಲಾಯಿತು. ಕಂಡುಹಿಡಿದವಳು ಐದನೇ ಕ್ಲಾಸಿನ ಗುಂಡುಪಿನ್ನು. ಮೈ ಸಣ್ಣ, ತಲೆ ದಪ್ಪ. ಪಕ್ಕದ ಝೆರಾಕ್ಸ್ ಅಂಕಲ್ ಇಟ್ಟ ಹೆಸರು.

“ಅಪ್ಪಾ, ವಿಮಾನ ಹೋಗುವಾಗ ನಿಧಾನ, ಬರುವಾಗ ಜೋರು.”

“ಹೂಂ,” ಎಂದ ಅಪ್ಪ. ಕಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚಿನ ಹೊಟ್ಟೆ ಬಿಚ್ಚಿದಾಗ ಅವನು ಎಲ್ಲದಕ್ಕೂ ಹೂಂ ಎನ್ನುವವನೇ.

ಸಾಕ್ಷಿ ಅವಳ ಕೈಯಲ್ಲೇ ಇತ್ತು: ಹೋದ ವರ್ಷ ಅಮ್ಮ ಬಂದುಹೋದ ಟಿಕೆಟ್ಟು. ಅಮ್ಮನಿಗೆ ದೂರದ ದೇಶದಲ್ಲಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೆಲಸ. ಇಲ್ಲಿ ಹತ್ತಕ್ಕೆ ಹೊರಟ ವಿಮಾನ ಅಲ್ಲಿ ಇಳಿದದ್ದು ನಾಲ್ಕೂವರೆಗೆ. ಆರೂವರೆ ಗಂಟೆ. ಆದರೆ ಅಲ್ಲಿ ಹತ್ತಕ್ಕೆ ಹೊರಟದ್ದು ಇಲ್ಲಿ ಹನ್ನೊಂದೂವರೆಗೇ ಇಳಿದಿತ್ತು. ಬರೀ ಒಂದೂವರೆ ಗಂಟೆ! ಅತ್ತೆಯ ಮನೆಗೆ ಬಸ್ಸಿನಲ್ಲಿ ಹೋಗಲೂ ಎರಡು ಗಂಟೆ ಬೇಕು, ಅದೂ ಡ್ರೈವರು ಟೀ ಕುಡಿಯದಿದ್ದರೆ.

ಶನಿವಾರ ಸ್ಕೂಲಿನಲ್ಲಿ ಪ್ರಾಜೆಕ್ಟುಗಳನ್ನು ಮನೆಯವರಿಗೆ ತೋರಿಸುವ ದಿನ. ಅವಳ ಚಾರ್ಟಿನ ಹೆಸರು ‘ನಮ್ಮೂರಿಂದ ಅಮ್ಮನ ಊರಿಗೆ’. ಮ್ಯಾಪಿನ ಮೇಲೆ ದಾರ ಹಿಡಿದು ಅಳೆದು 2,900 ಕಿಲೋಮೀಟರು ಎಂದು ಬರೆದಿದ್ದಳು. ಒಂದೂವರೆ ಗಂಟೆ ಎಂದ ಮೇಲೆ ಅಮ್ಮ ಬರದಿರಲು ಕಾರಣವೇ ಇರಲಿಲ್ಲ.

ಅಂಗಡಿಯ ಗೋಡೆಯ ಗಡಿಯಾರಗಳು ಒಂದರ ಮಾತು ಒಂದು ಕೇಳುತ್ತಿರಲಿಲ್ಲ. ಎಲ್ಲ ರಿಪೇರಿಗೆ ಬಂದವು. ಹಸಿರು ಗಡಿಯಾರವೊಂದು ಮಾತ್ರ ಅಪ್ಪನದೇ. ದಿನಾ ಬೆಳಗ್ಗೆ ಕೀ ಕೊಡುತ್ತಿದ್ದ, ಆದರೂ ಅದು ಎರಡೂವರೆ ಗಂಟೆ ಮುಂದೆ. ಹೋದ ತಿಂಗಳು ಅಯ್ಯೋ ಪಾಪ ಎಂದು ಗುಂಡುಪಿನ್ನು ಅದನ್ನು ಸರಿಮಾಡಿದ್ದಳು. ಅಪ್ಪ ಬೈಯಲಿಲ್ಲ, ಮುಳ್ಳು ತಿರುಗಿಸಿ ಮತ್ತೆ ತಪ್ಪು ಮಾಡಿಟ್ಟಿದ್ದ.

ಐದಕ್ಕೆ ಹಟಮಾಡಿ ಅಪ್ಪನಿಂದ ಫೋನು ಮಾಡಿಸಿದಳು.

“ಯಾರಿಗೇನಾಯ್ತು?” ಅಮ್ಮನಿಗೆ ಗಾಬರಿ. ಭಾನುವಾರ ಮಧ್ಯಾಹ್ನ ಬಿಟ್ಟರೆ ಅವರಲ್ಲಿ ಫೋನಿನ ರೂಢಿಯಿರಲಿಲ್ಲ.

ಗುಂಡುಪಿನ್ನು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಶನಿವಾರ ಬೆಳಗ್ಗೆ ಹೊರಟರೆ ಸಾಕು, ಬೇಕಿದ್ದರೆ ತಿಂಡಿಯನ್ನೂ ಇಲ್ಲೇ ಬಂದು ತಿನ್ನಬಹುದು.

ಅಮ್ಮ ಕೇಳಿದಳು, “ಅಲ್ಲಿ ಬಿಸಿಲಿದೆಯಾ?”

“ಇದೆ. ಐದು ಗಂಟೆ ತಾನೇ.”

“ಇಲ್ಲಿ ಕತ್ತಲಾಗಿದೆ ಕಣೇ. ಏಳೂವರೆ.”

ಗುಂಡುಪಿನ್ನು ತಲೆಯೆತ್ತಿದಳು. ಹಸಿರು ಗಡಿಯಾರದಲ್ಲಿ ಏಳೂವರೆ.

ಆರೂವರೆಯಲ್ಲಿ ಎರಡೂವರೆ ಕಳೆದಳು: ನಾಲ್ಕು. ಒಂದೂವರೆಗೆ ಎರಡೂವರೆ ಕೂಡಿಸಿದಳು: ನಾಲ್ಕು. ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ.

“ನಾಲ್ಕು ಗಂಟೆ ಆದ್ರೇನಮ್ಮ, ಬರಬಹುದಲ್ಲ?”

“ಗಂಟೆ ಮಾತಲ್ಲ ಪುಟ್ಟಾ. ಎರಡು ವರ್ಷಕ್ಕೊಂದೇ ಸಲ ರಜೆ ಕೊಡೋದು.”

ಆ ಕಡೆ ಯಾರೋ ಅಮ್ಮನನ್ನು ಕರೆದರು. ಫೋನು ಕಟ್ಟಾಯಿತು. ಗುಂಡುಪಿನ್ನು ಟಿಕೆಟ್ಟನ್ನು ಹಳೆಯ ಮಡಿಕೆಯಲ್ಲೇ ಮಡಿಸಿದಳು.

“ನಿಂಗೆ ಗೊತ್ತಿತ್ತು ಅಲ್ವಾ?”

ಅಪ್ಪ ಭೂತಗನ್ನಡಿ ತೆಗೆದು ಕೆಳಗಿಟ್ಟ. “ಹೂಂ,” ಎಂದ.

ಶನಿವಾರ ಬೆಳಗ್ಗೆ ಹಸಿರು ಗಡಿಯಾರಕ್ಕೆ ಕೀ ಕೊಟ್ಟವಳು ಗುಂಡುಪಿನ್ನು. ಮುಳ್ಳನ್ನು ಮುಟ್ಟಲಿಲ್ಲ.

ಚಾರ್ಟಿಗೆ ಮೂರನೇ ಬಹುಮಾನ ಬಂತು. ಅಮ್ಮ ಬರಲಿಲ್ಲ.