ಮೇಣ ತಿಕ್ಕಿದ ಉಣ್ಣಿ ಪಟ್ಟಿ

ಬೇಸಿಗೆ ಶುರುವಾಗಿ ಎರಡು ವಾರ ಆಗಿತ್ತು. ನಾಯಿಗಳಿಗೆ ಉಣ್ಣಿ ಹತ್ತುವ ಕಾಲ. ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಒಬ್ಬ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ಬಟ್ಟೆ ಹೊಲಿಯುವವಳು. ಅಳತೆ ಟೇಪು ಹೆಗಲ ಮೇಲೇ ಇತ್ತು, ತೆಗೆದಿಡಲು ಮರೆತಿದ್ದಳು. ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಯಿಯ ಕೊರಳ ಪಟ್ಟಿ.

“ನಮ್ಮ ನಾಯಿ ನಿನ್ನೆ ಸಂಜೆ ಸತ್ತೋಯ್ತು ಸಾರ್. ಮಗಳು ಆಸ್ಪತ್ರೇಲಿದಾಳೆ. ಎಬ್ಬಿಸಿದ್ರೆ ಕಣ್ಣು ಬಿಡ್ತಾಳೆ, ಮತ್ತೆ ಮುಚ್ಕೋತಾಳೆ.”

ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು. “ಮಗಳಿಗೆ ಎಷ್ಟು ವಯಸ್ಸು?”

“ನಾಲ್ಕು.”

“ಈ ಪಟ್ಟಿಗೂ ಮಗೂಗೂ ಏನು ಸಂಬಂಧ?”

“ನಾಯಿ ಆಟ ಆಡ್ತಿದ್ಲು. ಅದರ ಕೊರಳಿಂದ ಬಿಚ್ಚಿ ತಾನು ಹಾಕ್ಕೊಂಡು, ತುದೀನ ಬಾಯಲ್ಲಿ ಕಚ್ಕೊಂಡು, ಮನೆಯೆಲ್ಲಾ ಅಂಬೆಗಾಲಲ್ಲಿ ಓಡಾಡಿದ್ಲು. ನಾನು ಮಿಷನ್ ಮುಂದೆ ಕೂತು ನಗ್ತಿದ್ದೆ ಸಾರ್. ನಗ್ತಾ ಇದ್ದೆ.”

ದೂರು ಬರೆದುಕೊಂಡವಳು ಮುಖ್ಯ ಪೇದೆ. ಠಾಣೆಯಲ್ಲಿ ಎಲ್ಲರೂ ಅವಳನ್ನು ದಫೇದಾರಮ್ಮ ಎನ್ನುತ್ತಿದ್ದರು. ಒಂಬತ್ತು ಐವತ್ತಕ್ಕೆ ಎಫ್‌ಐಆರ್ ಆಯಿತು. ಇಬ್ಬರು ಪಂಚರನ್ನು ಕರೆಸಿ, ಕೈಗವಸು ಹಾಕಿಕೊಂಡು ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿ ಪಂಚನಾಮೆ ಬರೆದರು. ಕಪ್ಪು ಚರ್ಮ, ಹಿತ್ತಾಳೆ ಬಕಲು, ಏಳು ತೂತು, ಕಟುವಾದ ವಾಸನೆ. ಮೇಲೊಂದು ಚೀಟಿ: ‘ಆಮದು ಮಾಲು. ಎಂಟು ತಿಂಗಳು ಉಣ್ಣಿ, ಚಿಗಟ ಹತ್ತಿರ ಸುಳಿಯುವುದಿಲ್ಲ.’

ಹತ್ತೂ ಮುಕ್ಕಾಲಿಗೆ ಆಸ್ಪತ್ರೆ. ಮಕ್ಕಳ ಡಾಕ್ಟರು ಇನ್ಸ್‌ಪೆಕ್ಟರನ್ನು ಹೊರಗಿನ ಓಣಿಗೆ ಕರೆದುಕೊಂಡು ಬಂದರು.

“ನಾಡಿ ನಿಧಾನ ಆಗ್ತಿದೆ. ಇದು ಎರಡು ಜಾತಿ ವಿಷದಲ್ಲಿ ಯಾವುದಾದ್ರೂ ಇರಬಹುದು. ನೋಡೋಕೆ ಎರಡೂ ಒಂದೇ ಥರ. ಆದ್ರೆ ಒಂದಕ್ಕೆ ಕೊಡೋ ಚುಚ್ಚುಮದ್ದು ಇನ್ನೊಂದಕ್ಕೆ ಕೊಟ್ರೆ ಮಗೂಗೆ ತೊಂದರೆ.”

“ಪ್ರಯೋಗಾಲಯಕ್ಕೆ ಕಳಿಸಿದ್ರೆ?”

“ನಾಲ್ಕು ದಿನ. ನಂಗೆ ಸಂಜೆಯೊಳಗೆ ಬೇಕು.”

“ಮಾಡಿದವನನ್ನೇ ಕೇಳಿ ಹೇಳ್ತೀನಿ,” ಎಂದು ಇನ್ಸ್‌ಪೆಕ್ಟರ್ ಟೋಪಿ ಇಟ್ಟುಕೊಂಡರು.

ಹನ್ನೊಂದೂವರೆಗೆ, ತಾಯಿ ಗುರುತು ಹೇಳಿದ್ದ, ಪಟ್ಟಿ ಮಾರಿದ ಅಂಗಡಿ. ಪಂಜರದ ಗಿಳಿಗಳು, ಮೀನಿನ ತೊಟ್ಟಿ, ನಾಯಿ ಬಿಸ್ಕತ್ತಿನ ಮೂಟೆ.

“ಕಂಪನಿ ಮಾಲು ಸಾರ್.”

“ಯಾವ ಕಂಪನಿ?”

“ಹೊರದೇಶದ್ದು.”

“ಬಿಲ್ಲು?”

“ಹುಡುಕಬೇಕು.”

“ಹುಡುಕಿ,” ಎಂದಳು ದಫೇದಾರಮ್ಮ. “ಅಲ್ಲೀವರೆಗೆ ನಿಮ್ಮ ಗಿಳಿ ಹತ್ರ ಮಾತಾಡ್ತಿರ್ತೀನಿ. ಅದಾದ್ರೂ ನಿಜ ಹೇಳೀತು.”

ಬಿಲ್ಲು ಸಿಗಲಿಲ್ಲ. ಗೋಡೆಗೆ ನಿಜವಾದ ಕಂಪನಿಯ ಪಟ್ಟಿಗಳೂ ತೂಗುಹಾಕಿದ್ದವು. ಇನ್ಸ್‌ಪೆಕ್ಟರ್ ಒಂದನ್ನು ತೆಗೆದು ಅಂಚಿನ ಮೇಲೆ ಬೆರಳಾಡಿಸಿದರು. ಯಂತ್ರ ಕತ್ತರಿಸಿದ್ದು, ಚೂಪಾಗಿತ್ತು. ಸಾಕ್ಷಿಗೆಂದು ಪಾರದರ್ಶಕ ಕವರಿನಲ್ಲಿ ಹಾಕಿ ತಂದಿದ್ದ ಪಟ್ಟಿಯ ಅಂಚು ಹುಣಸೆ ಬೀಜದ ಹಾಗೆ ದುಂಡಗೆ, ನುಣ್ಣಗೆ. ಯಾರೋ ಕೂತು ಮೇಣ ತಿಕ್ಕಿದ್ದರು. ನಕಲಿ ಮಾಲು ಮಾಡುವವನಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬಂತು ಎಂದು ಅವರು ಯೋಚಿಸಿದರು. ಒಬ್ಬ ಪೇದೆಯನ್ನು ಅಂಗಡಿಯಲ್ಲೇ ಕೂರಿಸಿ, ಅಂಗಡಿಯವನ ಫೋನು ತೆಗೆದಿಟ್ಟು ಹೊರಬಿದ್ದರು.

ರಸ್ತೆ ಮೂಲೆಯ ಚಪ್ಪಲಿ ಹೊಲಿಯುವವನು ಕವರನ್ನು ಬೆಳಕಿಗೆ ಹಿಡಿದು ನೋಡಿದ. “ಇದು ಕುದುರೆ ಜೀನು ಮಾಡೋರ ಕೈ ಸಾರ್. ಪಟ್ಟಿ ಉಜ್ಜಿ ಕುದುರೆಗೆ ಗಾಯ ಆಗಬಾರದು ಅಂತ ಅಂಚಿಗೆ ಹಿಂಗೆ ಮೇಣ ತಿಕ್ತಾರೆ. ನಾಯಿಗೆ ಯಾರು ಇಷ್ಟು ಮಾಡ್ತಾರೆ? ನಮ್ಮ ಮಾವನ ಚಪ್ಪಲಿಗೇ ನಾನು ಮಾಡಲ್ಲ.”

“ಜೀನು ಮಾಡೋರು ಊರಲ್ಲಿ ಎಷ್ಟು ಜನ?”

“ಒಬ್ಬರೇ. ಹಳೇ ಲಾಯದ ಹಿಂದೆ, ಜೀನಜ್ಜ ಅಂತಾರೆ.”

ಒಂದು ಗಂಟೆ ಐದು ನಿಮಿಷ. ತಗಡಿನ ಮಾಡು, ಕಲ್ಲಿನ ನೆಲ. ಉಳಿ, ದಬ್ಬಣ, ಮರದ ಸುತ್ತಿಗೆ ಎಲ್ಲಾ ಅವುಗಳ ಜಾಗದಲ್ಲಿ. ಗೋಡೆಯ ಮೊಳೆಗಳಿಗೆ ಗಂಟು ಹಾಕಿದ ದಾರಗಳು, ಒಟ್ಟು ಹದಿನಾಲ್ಕು. ಅಂಗಡಿಯವನು ನಾಯಿಗಳ ಕೊರಳು ಅಳೆದು ಕಳಿಸಿದ ದಾರಗಳವು. ಎಪ್ಪತ್ತು ದಾಟಿದ ಮುದುಕ ಕವರನ್ನು ನೋಡಿದ ಕೂಡಲೇ ಗುರುತು ಹಿಡಿದ.

“ನಂದೇ. ಯಾಕೆ, ಕೊರಳು ಉಜ್ಜಿತಾ?”

“ಉಜ್ಜಲಿಲ್ಲ ಅಜ್ಜ,” ಎಂದರು ಇನ್ಸ್‌ಪೆಕ್ಟರ್. “ ನಾಯಿ ಸತ್ತಿದೆ. ಇದನ್ನ ಹಾಕ್ಕೊಂಡು ಆಡಿದ ಮಗು ಆಸ್ಪತ್ರೇಲಿದೆ. ಯಾವ ಮದ್ದಲ್ಲಿ ನೆನೆಸಿದಿರಿ?”

ಅಜ್ಜ ಕವರನ್ನು ವಾಪಸ್ ಕೊಟ್ಟ. “ಯಾರಿಗೂ ಹೇಳಲ್ಲ ಅಂತ ಅಂಗಡಿಯೋನಿಗೆ ಮಾತು ಕೊಟ್ಟಿದೀನಿ,” ಎಂದ.

ದಫೇದಾರಮ್ಮ ಅವನೆದುರು ಮಂಡಿಯೂರಿ ಕೂತಳು. “ನಾಲ್ಕು ವರ್ಷದ ಹುಡುಗಿ ಅಜ್ಜ. ಡಾಕ್ಟರು ಚುಚ್ಚುಮದ್ದು ಹಿಡ್ಕೊಂಡು ನಿಂತಿದಾರೆ, ಯಾವುದು ಕೊಡಬೇಕೋ ಗೊತ್ತಾಗ್ದೆ. ನೀವು ಕೊಟ್ಟ ಮಾತು ದೊಡ್ಡದೋ, ಆ ಕೂಸು ದೊಡ್ಡದೋ? ನೀವೇ ಹೇಳಿ.”

ಅಜ್ಜ ಎದ್ದ. ಗೋಣಿಚೀಲಗಳ ಅಡಿಯಿಂದ ತಗಡಿನ ಡಬ್ಬ ತಂದು ಅವಳ ಕೈಗಿಟ್ಟ. ದನಗಳ ಉಣ್ಣಿಗೆ ಹೊಡೆಯುವ ಔಷಧಿ. ಒಂದು ಗಂಟೆ ಇಪ್ಪತ್ತೆರಡಕ್ಕೆ ಇನ್ಸ್‌ಪೆಕ್ಟರ್ ಫೋನಿನಲ್ಲಿ ಡಬ್ಬದ ಮೇಲಿದ್ದ ಹೆಸರನ್ನು ಅಕ್ಷರ ಬಿಡಿಸಿ ಓದಿದರು, ಎರಡು ಸಲ. ಆ ಕಡೆಯಿಂದ ಡಾಕ್ಟರು, “ಸಾಕು, ಗೊತ್ತಾಯ್ತು,” ಎಂದು ಫೋನಿಟ್ಟರು.

“ನೀರು ಎಷ್ಟು ಬೆರೆಸಿದಿರಿ ಅಜ್ಜ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

“ಬೆರೆಸಲಿಲ್ಲ. ಬೇಸಿಗೆ ಪೂರ್ತಿ ತಡೀಲಿ ಅಂತ.”

“ದನಕ್ಕೆ ನೀರು ಬೆರೆಸಿ ಹೊಡೀತಾರೆ, ಒಣಗಿ ಹೋಗುತ್ತೆ. ಇದು ಹಗಲೂ ರಾತ್ರಿ ಕೊರಳಲ್ಲೇ. ಅದರ ಮೇಲೆ ಮೇಣ ಬೇರೆ ತಿಕ್ಕಿ ವಿಷಾನ ಒಳಗೇ ಹಿಡಿದಿಟ್ಟಿದೀರಿ.”

ಅಜ್ಜ ತನ್ನ ಕೈಗಳನ್ನು ನೋಡಿಕೊಂಡ. ಬೆರಳುಗಳ ತುದಿಗಳು ಕೆಂಪಗೆ ಸುಲಿದಿದ್ದವು. ಇದು ಮದ್ದಿನಿಂದಲೇ ಎಂದು ಅವನಿಗೆ ಆಗ ಹೊಳೆದಿರಬೇಕು.

ಉಳಿದ ಹದಿಮೂರು ಪಟ್ಟಿ ಊರಲ್ಲಿ ಎಲ್ಲೋ ಇದ್ದವು. ಅಜ್ಜನಿಗೆ ಯಾರ ಮನೆಯೂ ಗೊತ್ತಿರಲಿಲ್ಲ. ಎರಡು ಗಂಟೆಗೆ ದಾರಗಳನ್ನೂ ಡಬ್ಬವನ್ನೂ ಅಂಗಡಿಯವನ ಮುಂದೆ ಇಟ್ಟಾಗ ಅವನ ಮುಖ ಇಳಿಯಿತು. ‘ಆಮದು ಮಾಲು’ ಚೀಟಿ ಅಂಟಿಸಿದ್ದು ತಾನೇ ಎಂದು ಒಪ್ಪಿಕೊಂಡು, ಒಂದೊಂದೇ ದಾರ ಎತ್ತಿ ಯಾವ ಬೀದಿ, ಯಾವ ಮನೆ ಎಂದು ಹೇಳಿದ.

ಪೇದೆಗಳು ಎರಡು ಗುಂಪಾಗಿ ಮನೆಮನೆಗೆ ಹೋದರು. ದಫೇದಾರಮ್ಮ ಊರಿನ ಪಶುವೈದ್ಯೆಗೆ ಫೋನು ಮಾಡಿ ಕೇಳಿಕೊಂಡದ್ದನ್ನೇ ಪ್ರತಿ ಬಾಗಿಲಲ್ಲೂ ಹೇಳಿದಳು. ಪಟ್ಟಿ ಬಿಚ್ಚಿ, ಕೈಗವಸು ಹಾಕ್ಕೊಂಡು ನಾಯೀನ ಸೋಪಲ್ಲಿ ತೊಳೀರಿ. ನಿಜವಾದ ಪಟ್ಟಿನೂ ಅಷ್ಟೇ, ಕಟ್ಟಿದ ಮೇಲೆ ಕೊರಳು ಕೆಂಪಾದ್ರೆ, ನಾಯಿ ಮಂಕಾದ್ರೆ, ತೆಗೆದುಬಿಡಿ. ಮಕ್ಕಳ ಬಾಯಿಗಂತೂ ಸೋಕಿಸಬೇಡಿ.

“ಪೊಲೀಸರು ನಾಯಿ ಸ್ನಾನದ ಉಸ್ತುವಾರಿಗೂ ಬರ್ತಾರಾ?” ಎಂದು ಒಬ್ಬ ಯಜಮಾನ ನಕ್ಕ.

“ನಿಮ್ಮ ಸ್ನಾನಕ್ಕೆ ಬರೋದ್ರೊಳಗೆ ಬಿಚ್ಚಿಕೊಡಿ,” ಎಂದಳು. ಅವನ ಹೆಂಡತಿ ಒಳಗಿನಿಂದ ನಕ್ಕದ್ದು ಬೀದಿಗೆ ಕೇಳಿಸಿತು.

ಐದೂ ಕಾಲಿಗೆ ಹದಿಮೂರೂ ಬಂದವು. ಎರಡು ನಾಯಿ ವಾಂತಿ ಮಾಡಿಕೊಂಡಿದ್ದವು, ಉಳಿದುಕೊಂಡವು. ಆರು ಹತ್ತಕ್ಕೆ ಇಬ್ಬರನ್ನೂ ದಸ್ತಗಿರಿ ಮಾಡಿದರು. ಅಂಗಡಿಯವನ ಹೇಳಿಕೆ ಅರ್ಧ ಪುಟ: ಲಾಭ. ಅಜ್ಜನ ಹೇಳಿಕೆಯನ್ನು ದಫೇದಾರಮ್ಮ ಅವನು ಹೇಳಿದಂತೆಯೇ ಬರೆದುಕೊಂಡಳು.

“ಲಾಯದ ಕೊನೇ ಕುದುರೆ ಹೋಗಿ ಒಂಬತ್ತು ವರ್ಷ. ಒಂಬತ್ತು ವರ್ಷ ನನ್ನ ಕೈಯಿಂದ ಏನೂ ಯಾರಿಗೂ ಬೇಕಾಗಿರಲಿಲ್ಲ. ಅಂಗಡಿಯೋನು ಬಂದು, ಅಜ್ಜ, ಇನ್ನೊಂದು ಮಾಡಿಕೊಡು ಅಂದ. ಮದ್ದು ಹೆಂಗೆ, ಎಷ್ಟು ಅಂತ ಕೇಳಿದ್ರೆ ಎಲ್ಲಿ ಕೆಲಸ ತಪ್ಪಿಹೋಗುತ್ತೋ ಅಂತ ನಾನು ಯಾರನ್ನೂ ಕೇಳಲಿಲ್ಲ.”

ಬುಧವಾರ ಬೆಳಿಗ್ಗೆ ಹತ್ತಕ್ಕೆ ಜೀಪು ನ್ಯಾಯಾಲಯಕ್ಕೆ ಹೊರಡಬೇಕಿತ್ತು. ಅಜ್ಜ ಬೆಂಚಿನಿಂದ ಏಳಲಿಲ್ಲ. ದಫೇದಾರಮ್ಮ ಆಸ್ಪತ್ರೆಗೆ ಫೋನು ಮಾಡಿ, ಕೇಳಿ, ಇಟ್ಟಳು. “ಎದ್ದು ಕೂತಿದಾಳಂತೆ. ನೀರು ಕೇಳಿದಳಂತೆ.” ಅಜ್ಜ ಎದ್ದು ತಾನೇ ಹೋಗಿ ಜೀಪು ಹತ್ತಿದ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಹುಡುಗಿ ಅಮ್ಮನ ಕೈ ಹಿಡಿದು, ನಡೆದುಕೊಂಡೇ ಆಸ್ಪತ್ರೆಯಿಂದ ಹೊರಟಳು. ನಾಯಿ ಸೋಮವಾರವೇ ಹೋಗಿತ್ತು. ಅದನ್ನು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ.