ಕಪಾಟಿನಲ್ಲಿದ್ದೂ ಇಲ್ಲದ ಪುಸ್ತಕಗಳು

ಬುಧವಾರ ಬೆಳಿಗ್ಗೆ 10.20ಕ್ಕೆ ಕಾಲೇಜೊಂದರ ಗ್ರಂಥಪಾಲಕಿ ರಾಜೇಶ್ವರಿ, ಜಮಖಂಡಿ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ಅರವತ್ತೊಂದು ಪುಸ್ತಕ ಕಾಣೆ. ಗ್ರಂಥಾಲಯದ ಸಾಫ್ಟ್‌ವೇರ್ ಎಲ್ಲವೂ ಕಪಾಟಿನಲ್ಲಿವೆ ಎಂದೇ ಹಟ ಹಿಡಿದಿದೆ. ಕಪಾಟಿನಲ್ಲಿ ಧೂಳು ಬಿಟ್ಟರೆ ಏನೂ ಇಲ್ಲ.

"ಸೋಮವಾರದೊಳಗ ಸಿಗಲಿಲ್ಲಂದ್ರ ನನ್ನ ಕೆಲಸದಿಂದ ತಗಿತಾರ್ರಿ ಮೇಡಂ. ಗುತ್ತಿಗಿ ಮ್ಯಾಲ ಅದೀನಿ."

ಹೇಳುವಷ್ಟರಲ್ಲಿ ಎರಡು ಸಲ ಕುರ್ಚಿಯಿಂದ ಎದ್ದು ಕುಳಿತಿದ್ದರು.

ಪಿಎಸ್‌ಐ ರಂಜನಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಹಾಲೇಶನೊಡನೆ 11.30ಕ್ಕೆ ಗ್ರಂಥಾಲಯ ತಲುಪಿದರು. ಎರವಲು ಎಂದು ಕಂಪ್ಯೂಟರಿನಲ್ಲಿ ನಮೂದಾಗದ ಪುಸ್ತಕ ಹೊರಹೋದರೆ ಬಾಗಿಲ ಗೇಟು ಕೂಗಬೇಕು. ಅದು ಕೂಗಿಲ್ಲ. ಬಾಗಿಲ ಕ್ಯಾಮೆರಾದಲ್ಲೂ ಏನಿಲ್ಲ.

"ಹಂಗಾರ ಪುಸ್ತಕ ಒಳಗ ಅದಾವ. ಹುಡುಕ್ರಿ," ಎಂದರು ರಂಜನಾ.

ಸಿಬ್ಬಂದಿಯೆಲ್ಲ ಕಂಪ್ಯೂಟರಿನ ಪಟ್ಟಿ ಹಿಡಿದು ಏಣಿ ಹತ್ತಿ ಇಳಿದರು. ರಂಜನಾ ನಿಂತಲ್ಲಿ ನಿಲ್ಲದೆ ಗಡಿಯಾರ ನೋಡುತ್ತ ತಿರುಗಿದರು. ಬನಹಟ್ಟಿಯ ಪ್ರಭುಲಿಂಗ, ಇಪ್ಪತ್ತೇಳು ವರ್ಷದಿಂದ ಇಲ್ಲಿ ಸಹಾಯಕ, ಮೂಲೆಯಲ್ಲಿ ಹಳೆಯ ಪತ್ರಿಕೆ ಜೋಡಿಸುತ್ತ ಕುಳಿತಿದ್ದರು. ಅವರನ್ನು ಯಾರೂ ಕರೆಯಲಿಲ್ಲ.

2.15ಕ್ಕೆ ಅಟ್ಟದ ಪತ್ರಿಕೆಗಳ ಹಿಂದೆ ಆರು ಗಂಟು ಪುಸ್ತಕ ಸಿಕ್ಕವು. ಧೂಳು ತಾಗದಂತೆ ಬಟ್ಟೆ ಸುತ್ತಿ ನೂಲಿನಿಂದ ಕಟ್ಟಿದ್ದವು. ರಬಕವಿಯ ಮಗ್ಗದ ಮನೆಯ ಹಾಲೇಶ ನೂಲನ್ನು ಬೆರಳಲ್ಲಿ ಹಿಡಿದು ನೋಡಿದ.

"ಮೇಡಂ, ಮಗ್ಗದಾಗ ಎಳಿ ಹರದ್ರ ನಾವು ಹಾಕೋ ಗಂಟ್ರಿ ಇದು. ಕೈ ತಾನ ಹಾಕಿಬಿಡ್ತೈತಿ."

"ಇಲ್ಲಿ ನೇಕಾರರು ಯಾರ ಅದಾರ?"

ಮೂಲೆಯಲ್ಲಿ ಪ್ರಭುಲಿಂಗ ಎದ್ದು ನಿಂತಿದ್ದರು.

"ನೀವ ಇಟ್ರೇನು?" ರಂಜನಾ ಕೇಳಿದರು.

"ಹೌದ್ರಿ. ದಿನಾ ನಾಕೈದು."

"ಮಾರಾಕ?"

"ಛೇ, ಪುಸ್ತಕ ಮಾರ್ತಾರೇನ್ರಿ."

"ಕಾಕಾ, ನನ್ನ ನೌಕರಿ ಹೊಂಟಿತ್ತು," ಎಂದರು ರಾಜೇಶ್ವರಿ.

"ಅದು ಗೊತ್ತಿರಲಿಲ್ಲವ್ವಾ. ತಪ್ಪಾತು."

ಪಂಚನಾಮೆ ಬರೆಯುವಾಗ ಕರೆಂಟು ಹೋಗಿ ಕಂಪ್ಯೂಟರ್ ಆರಿತು. ಪ್ರಭುಲಿಂಗ ಗಂಟು ಬಿಚ್ಚದೆಯೇ ಅರವತ್ತೊಂದು ಪುಸ್ತಕದ ಹೆಸರು, ನಂಬರು ಹೇಳಿದರು. ಹಾಲೇಶ ಗಂಟು ಬಿಚ್ಚಿ ಒಂದೊಂದೇ ತಾಳೆ ನೋಡಿದ, ಒಂದೂ ತಪ್ಪಿರಲಿಲ್ಲ. ಸಂಕಟವೆನಿಸಿದರೂ ರಂಜನಾ 4.40ಕ್ಕೆ ಬಂಧನ ದಾಖಲಿಸಿದರು.

ಜೀಪಿನಲ್ಲಿ ಕೇಳಿದರು, "ಯಾಕ ಮಾಡಿದ್ರಿ?"

"ಮೊದಲೆಲ್ಲಾ ಹುಡುಗ್ರು, ಕಾಕಾ ಆ ಪುಸ್ತಕ ಎಲ್ಲೈತಿ ಅಂತ ನನ್ನ ಕೇಳ್ತಿದ್ರು. ಈಗ ಕಂಪ್ಯೂಟರ್ ಕೇಳ್ತಾರ. ಅದು ತಪ್ಪು ಹೇಳಿದ್ರ ನನ್ನ ಕಡೆ ಬರ್ತಾರ ಅನ್ಕೊಂಡಿದ್ದೆ."

"ಬರಲಿಲ್ಲೇನು?"

"ಇಲ್ರಿ. ನಿಮ್ಮನ್ನ ಕರದ್ರು."