ಗೋಲ್‌ಪೋಸ್ಟಿನ ಹಿಂದೆ ನಿಂತವನು

“ತುಮ್ಹೀ ಕೋಣ? ಯಾರ್ರಿ ನೀವು?”

ಮರಾಠಿ, ಕನ್ನಡ ಎರಡರಲ್ಲೂ ಒಂದೇ ಉಸಿರಿಗೆ ಕೇಳಿದ ಪ್ರಣಿತಾ ಉತ್ತರಕ್ಕೆ ಕಾಯಲಿಲ್ಲ. ಅವನ ಕೈಯಲ್ಲಿದ್ದ ಮೊಬೈಲನ್ನು ಕಸಿದುಕೊಂಡೇಬಿಟ್ಟಳು!

ಮಿರಜಿನ ಕಾಲೇಜು ಮೈದಾನದಲ್ಲಿ ಹುಡುಗಿಯರ ಸಂಜೆಯ ಫುಟ್ಬಾಲ್ ಅಭ್ಯಾಸ ನಡೆದಿತ್ತು. ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಸ್ಟ್ ಆಗಿದ್ದ ಪ್ರಣಿತಾ ಡ್ಯೂಟಿ ಮುಗಿಸಿ, ತಂಗಿ ಅನುಜಾಳನ್ನು ಸಾಂಗ್ಲಿಯ ಮನೆಗೆ ಕರೆದೊಯ್ಯಲು ಬಂದಿದ್ದಳು. ಗೇಟಿನಿಂದಲೇ ಅವನು ಕಣ್ಣಿಗೆ ಬಿದ್ದಿದ್ದ. ಗೋಲ್‌ಪೋಸ್ಟಿನ ಹಿಂದೆ, ಬೇವಿನ ಮರದ ಮರೆಯಲ್ಲಿ ನಿಂತು ವಿಡಿಯೋ ಮಾಡುತ್ತಿದ್ದ.

ಈಗ ಪರದೆಯ ಮೇಲೆ ಅನುಜಾ. ಅನುಜಾ ಹಾರಿದ್ದು, ಬಿದ್ದದ್ದು, ಎದ್ದದ್ದು... ಬರೀ ಅನುಜಾ! ಉಳಿದ ಹದಿನೈದು ಹುಡುಗಿಯರಲ್ಲಿ ಒಬ್ಬಳೂ ಇಲ್ಲ.

ಪ್ರಣಿತಾ ಮೊಬೈಲನ್ನು ಅವನ ಮುಖದೆದುರು ಹಿಡಿದಳು.

“ಹದಿನೇಳು ವರ್ಷದ ಹುಡುಗಿದು ಕದ್ದು ವಿಡಿಯೋ ತಗ್ಯಾಕತ್ತೀರಿ? ನಾಚಿಕಿ ಬರೂದಿಲ್ಲ?”

ಅವನು ಗಾಬರಿಯಾಗಲಿಲ್ಲ. “ನನ್ನ ಹೆಸರು ನಿಲೇಶ್ರಿ. ಮ್ಹೈಸಾಳದಂವ. ಗೋವಾದ ಒಂದು ಫುಟ್ಬಾಲ್ ಅಕಾಡೆಮಿಗೆ ಛಲೋ ಆಡೋ ಹುಡುಗ್ಯಾರನ್ನ ಹುಡಕ್ತೀನಿ. ಸ್ಕೌಟ್ ಅಂತಾರಲ್ರಿ, ಅದು. ಈ ಗೋಲ್‌ಕೀಪರ್ ನಿಮ್ಮ ತಂಗಿ ಏನ್ರಿ? ಏನ್ ಹಾರ್ತಾಳ್ರಿ...”

“ಡಿಲೀಟ್ ಮಾಡ್ರಿ.”

“ಆತ್ರಿ.”

ಮೊಬೈಲು ಈಸಿಕೊಂಡು ಮರುಮಾತಿಲ್ಲದೆ ಅಳಿಸಿಬಿಟ್ಟ!

ಅದೇ ಅವಳ ಅನುಮಾನವನ್ನು ಹೆಚ್ಚಿಸಿತು. ತಪ್ಪು ಮಾಡದವನು ವಾದಿಸುವುದಿಲ್ಲವೇ? ಇಷ್ಟು ಸಲೀಸಾಗಿ ಒಪ್ಪುವವನು ಇನ್ನೇನನ್ನೋ ಮುಚ್ಚಿಡುತ್ತಿದ್ದಾನೆ...

ಸ್ಕೌಟ್ ಎಂಬ ಮಾತು ಕೇಳಿದರೇ ಅವಳ ಮೈ ಉರಿಯುತ್ತಿತ್ತು. ಮೂರು ವರ್ಷದ ಹಿಂದೆ ಹಾಗೆ ಹೇಳಿಕೊಂಡು ಬಂದವನೊಬ್ಬ, ಮಾಲಗಾಂವದಲ್ಲಿದ್ದ ಅವಳ ಚಿಕ್ಕಮ್ಮನ ಮಗಳು ಮಂಗಲಳನ್ನು ಟ್ರಯಲ್ ಇದೆಯೆಂದು ಮುಂಬೈಗೆ ಕರೆಸಿಕೊಂಡಿದ್ದ. ಅಲ್ಲಿ ಟ್ರಯಲ್ಲೂ ಇರಲಿಲ್ಲ, ತಂಡವೂ ಇರಲಿಲ್ಲ. ಚಿಲಕ ಸರಿಯಿಲ್ಲದ ಲಾಡ್ಜಿನ ಕೋಣೆಯಲ್ಲಿ ಬಾಗಿಲಿಗೆ ಮಂಚ ಅಡ್ಡವಿಟ್ಟು ಮಂಗಲ ಎರಡು ದಿನ ಕುಳಿತಿದ್ದಳು. ಮೂರನೆಯ ದಿನ ಪ್ರಣಿತಾಳೇ ಹೋಗಿ ಕರೆತಂದಿದ್ದಳು. ಆಮೇಲೆ ಮಂಗಲ ಚೆಂಡು ಮುಟ್ಟಲಿಲ್ಲ.

ಇವನನ್ನು ನಂಬುವುದೇ? ಸಾಧ್ಯವೇ ಇಲ್ಲ!

ಆದರೆ ಭಾನುವಾರ ಅವನು ನೇರವಾಗಿ ಮನೆಗೇ ಬಂದ. ಅರಿಶಿನದ ವ್ಯಾಪಾರಿಯಾಗಿದ್ದ ಅಪ್ಪ ಶಿವಲಿಂಗಪ್ಪನವರು ಅವನ ಬಾಯಲ್ಲಿ ಕನ್ನಡ ಕೇಳಿಯೇ ಅರ್ಧ ಕರಗಿಹೋದರು.

“ಬರ್ರಿ, ಕುಂದ್ರಿ. ನಮ್ಮ ಹುಡುಗ್ಯಾರು ಮನ್ಯಾಗೂ ಮರಾಠಿ ಮಾತಾಡ್ತಾವ ನೋಡ್ರಿ!”

“ಕಾಕಾ, ಇದು ಅಕಾಡೆಮಿ ಪತ್ರ. ಇದರಾಗಿನ ನಂಬರಿಗೆ ನೀವ ಫೋನ್ ಹಚ್ಚಿ ಕೇಳ್ರಿ. ನನ್ನ ಮಾತಿನ ಮ್ಯಾಲ ಹೋಗಬ್ಯಾಡ್ರಿ.”

ಪ್ರಣಿತಾ ಅಲ್ಲೇ ನಿಂತು ಫೋನ್ ಹಚ್ಚಿದಳು. ಪತ್ರ ನಿಜವಾಗಿತ್ತು. ನಿಲೇಶ ಆರು ವಾರ ಅನುಜಾಳ ಆಟ ನೋಡಿ, ಜೊತೆಗೆ ಇಡೀ ತಂಡಕ್ಕೆ ತರಬೇತಿ ಕೊಟ್ಟು, ಕೊನೆಗೆ ವರದಿ ಕಳಿಸುವವನಿದ್ದ.

“ಪತ್ರ ಖರೇ ಐತಿ,” ಎಂದಳು. “ಮನಷ್ಯಾರು ಖರೇ ಅದಾರೋ ಇಲ್ಲೋ, ಅದನ್ನ ನಾ ನೋಡ್ತೀನಿ. ದಿನಾ ಪ್ರ್ಯಾಕ್ಟೀಸಿಗೆ ನಾನೂ ಬರಾಕಿ.”

“ಬರ್ರಿ,” ಎಂದ ನಿಲೇಶ. ನಕ್ಕನೇ? ಹೌದು, ನಕ್ಕ! ಅವಳಿಗೆ ರೇಗಿಹೋಯಿತು.

ಮರುದಿನವೇ ಅವಳು ಕಾಲೇಜಿನ ಕ್ರೀಡಾ ಶಿಕ್ಷಕ ಸುಭಾಷ ಸರ್ ಅವರನ್ನು ಹಿಡಿದಳು.

“ನಿಲೇಶಾ? ನಮ್ಮ ಕಾಲೇಜಿನ ಲೆಫ್ಟ್ ವಿಂಗರ್ ಅಂವಾ! ಎದುರಿನವರು ತಿರುಗಿ ನೋಡೂದ್ರಾಗ ದಾಟಿ ಹೋಗಿರ್ತಿದ್ದ. ಯೂನಿವರ್ಸಿಟಿ ಟೀಮಿನ್ಯಾಗ ಆಡಿದ. ಅಲ್ಲಿಂದ ಸೀದಾ ಗೋವಾಕ್ಕ ಹೋದ. ಇಪ್ಪತ್ತೆರಡಕ್ಕ ಆಟಾ ಬಿಟ್ಟು ಕೋಚ್ ಆದ, ಆಮ್ಯಾಲ ಸ್ಕೌಟ್.”

“ಇಪ್ಪತ್ತೆರಡಕ್ಕ? ಯಾಕ ಬಿಟ್ಟ್ರು?”

ಸರ್ ಅವರ ಮುಖ ಪೆಚ್ಚಾಯಿತು. “ಅದನ್ನ... ಅಂವನ್ನ ಕೇಳವ್ವಾ.”

ನೋಡಿದೆಯಾ! ಏನೋ ಇದೆ... ಪ್ರಣಿತಾಳ ಮನಸ್ಸು ಕೂಗಿ ಹೇಳಿತು.

ಅಂದಿನಿಂದ ಮೈದಾನದ ಮೆಟ್ಟಿಲ ಮೇಲೆ ಅವಳ ಕಾವಲು ಶುರುವಾಯಿತು. ಅವನು ಯಾರ ಜೊತೆ ಮಾತಾಡುತ್ತಾನೆ, ಮೊಬೈಲು ಯಾವಾಗ ತೆಗೆಯುತ್ತಾನೆ, ಅನುಜಾಳ ಭುಜ ಮುಟ್ಟುತ್ತಾನೆಯೇ... ಎಲ್ಲವನ್ನೂ ನೋಡಿದಳು. ಮುಟ್ಟುತ್ತಿರಲಿಲ್ಲ. ಹೇಗೆ ಜಿಗಿಯಬೇಕೆಂದು ತೋರಿಸಲು ತಾನೇ ಮಣ್ಣಿನಲ್ಲಿ ಬಿದ್ದು ಏಳುತ್ತಿದ್ದ. ಏಳುವಾಗ ಮಾತ್ರ ಎಡಗಾಲಿನ ಮೇಲೆ ಭಾರ ಬಿಡುತ್ತಿರಲಿಲ್ಲ.

“ನಿಮ್ಮ ಎಡ ಮೊಣಕಾಲಿಗೆ ಏನಾಗೇತಿ?” ಒಂದು ದಿನ ಕೇಳಿಯೇಬಿಟ್ಟಳು.

“ಹಳೇ ಕತಿ ಬಿಡ್ರಿ, ಮ್ಯಾಡಮ್.”

“ಹೇಳೂದಿಲ್ಲ?”

“ನೀವು ಯಾಕ ಇಷ್ಟು ಸಂಶೇ ಪಡ್ತೀರಿ, ಅದನ್ನ ಹೇಳ್ರಿ. ಆಮ್ಯಾಲ ನಾ ಹೇಳ್ತೀನಿ.”

ಯಾಕೋ ಏನೋ, ಮಂಗಲಳ ಕತೆಯನ್ನು ಅವನಿಗೆ ಹೇಳಿದಳು. ‘ಎಲ್ಲರೂ ಹಂಗ ಇರೂದಿಲ್ರಿ’ ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಹಾಗೆ ಹೇಳಲಿಲ್ಲ.

“ನಿಮ್ಮ ಜಾಗಾದಾಗ ನಾ ಇದ್ದಿದ್ರ ಫೋನ್ ಕಸ್ಕೊಂಡು ಸುಮ್ಮನಿರ್ತಿದ್ದಿಲ್ಲ. ಬಾವ್ಯಾಗ ಒಗೀತಿದ್ದೆ.”

ಅವಳಿಗೆ ನಗು ಬಂತು. ನಕ್ಕಳು! ನಕ್ಕ ಮೇಲೆ ಗಾಬರಿಯಾಯಿತು. ತನ್ನ ಮೊಣಕಾಲಿನ ವಿಷಯ ಅವನು ಹೇಳಲೇ ಇಲ್ಲ ಎಂಬುದು ಮನೆ ಮುಟ್ಟಿದ ಮೇಲೆ ಹೊಳೆಯಿತು.

ಛೇ... ಕಾವಲಿಗೆ ಹೋದವಳು ನಾನು. ತಂಗಿಯನ್ನು ಬಿಟ್ಟು ಅವನನ್ನೇ ನೋಡುತ್ತ ಕೂರುತ್ತೇನಲ್ಲ!

ಐದನೆಯ ವಾರದಲ್ಲಿ ಏನೋ ಬದಲಾಯಿತು.

ನಿಲೇಶ ಅನುಜಾಳನ್ನು ಗೋಲಿನಲ್ಲಿ ನಿಲ್ಲಿಸುವುದನ್ನೇ ಬಿಟ್ಟ. ಅವಳ ಜಾಗದಲ್ಲಿ ಲಿಂಗನೂರಿನ ಹುಡುಗಿಯೊಬ್ಬಳು ನಿಂತಳು. ಅನುಜಾ ಪಕ್ಕದಲ್ಲಿ ಕುಳಿತು ಬರೀ ಕೈಯಿಂದ ಚೆಂಡು ಎಸೆಯುತ್ತಿದ್ದಳು.

“ಯಾಕ?” ಎಂದು ಕೇಳಿದರೆ, “ಹೊಸಾ ಡ್ರಿಲ್ ಅಕ್ಕಾ,” ಎಂದು ಕಣ್ಣು ತಪ್ಪಿಸಿದಳು. ಪ್ರಣಿತಾ ಹತ್ತಿರ ಹೋದರೆ ಇಬ್ಬರ ಮಾತು ತಟ್ಟನೆ ನಿಲ್ಲುತ್ತಿತ್ತು.

ಮರುವಾರದ ಗುರುವಾರ ಬೆಳಿಗ್ಗೆ ಅನುಜಾ ಸ್ನಾನಕ್ಕೆ ಹೋಗಿದ್ದಳು. ಅಡುಗೆಮನೆಯ ಕಟ್ಟೆಯ ಮೇಲಿದ್ದ ಅವಳ ಮೊಬೈಲು ಮಿನುಗಿತು. ನಿಲೇಶನ ಮೆಸೇಜು.

‘ಅಕ್ಕಗ ಇನ್ನೂ ಹೇಳಿಲ್ಲಲ್ಲ? ಶನಿವಾರದ ತನಕ ಅಷ್ಟ ನಾ ಸುಮ್ಮನಿರ್ತೀನಿ.’

ಏನು ಹೇಳಬೇಕಿತ್ತು? ನನ್ನಿಂದ ಮುಚ್ಚಿಡುವಂಥದ್ದು ಇವರಿಬ್ಬರ ನಡುವೆ ಏನಿದೆ? ದೇವರೇ... ಮಂಗಲಳ ಹಾಗೆ ಇವಳನ್ನೂ...

ತಂಗಿಯನ್ನು ಕೇಳಲು ಭಯವಾಯಿತು. ಹಾಗೆಯೇ ಡ್ಯೂಟಿಗೆ ಹೋದಳು.

ಮಧ್ಯಾಹ್ನ ಅವಳಿಗೆ ಅಕಾಡೆಮಿಯ ಇಮೇಲ್ ಬಂತು. ಜೊತೆಗೆ ನಿಲೇಶನ ವರದಿ. ಮೊದಲ ಸಾಲೇ ಹೀಗಿತ್ತು: ‘ಈ ವರ್ಷ ಈ ಆಟಗಾರ್ತಿಯನ್ನು ತೆಗೆದುಕೊಳ್ಳುವುದು ಬೇಡ.’

ಮುಂದೆ ಓದುವ ತಾಳ್ಮೆ ಅವಳಿಗೆ ಎಲ್ಲಿತ್ತು! ಮೊಬೈಲನ್ನು ಚೀಲಕ್ಕೆ ತುರುಕಿ, ಅರ್ಧ ದಿನ ರಜೆ ಹಾಕಿ ಮೈದಾನಕ್ಕೆ ಸ್ಕೂಟಿ ಓಡಿಸಿದಳು.

ಅವನು ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದ. ಅನುಜಾ ಆಗಲೇ ಉಳಿದ ಹುಡುಗಿಯರ ಜೊತೆ ಬಂದು ಮೆಟ್ಟಿಲ ಮೇಲೆ ಕುಳಿತಿದ್ದಳು.

“ನನ್ನ ತಂಗಿ ಜೋಡಿ ಏನ್ ಗುಟ್ಟು ಐತ್ರಿ ನಿಮ್ದು?” ಪ್ರಣಿತಾಳ ದನಿ ಇಡೀ ಮೈದಾನಕ್ಕೆ ಕೇಳಿಸಿತು. “ಮನಿಗೆ ಬಂದು ಕಾಕಾ ಕಾಕಾ ಅಂದ್ರಿ. ಆಕಿಗಿ ಆಸೆ ಹಚ್ಚಿದ್ರಿ. ಈಗ ಆಕಿ ಬ್ಯಾಡ ಅಂತ ಬರದ್ರಿ. ಆಕಿ ನಿಮ್ಮ ಮಾತು ಕೇಳಲಿಲ್ಲ ಅಂತೇನು?”

ನಿಲೇಶನ ಮುಖ ಬಿಳಿಚಿತು. “ಪ್ರಣಿತಾ ಅವರ... ಆಕಿ ಎಡ ಮೊಣಕಾಲು ನೋಡ್ರಿ.”

“ಮೊಣಕಾಲಾ? ದಿನಾ ಇಪ್ಪತ್ತು ಮೊಣಕಾಲು ನೋಡಾಕಿ ನಾ! ನನ್ನ ತಂಗಿದು ನನಗ ಗೊತ್ತಾಗೂದಿಲ್ಲ?”

“ಅಕ್ಕಾ!” ಅನುಜಾ ಬಿಕ್ಕಿದಳು. “ಸರ್‌ಗ ಬೈಬ್ಯಾಡ. ಹೋದ ತಿಂಗಳ ಮ್ಯಾಚಿನ್ಯಾಗ ಬಿದ್ದೆ. ಮೊಣಕಾಲಾಗ ಟಪ್ ಅಂತ ಸಪ್ಪಳಾತು. ನಿನಗ ಹೇಳಿದ್ರ ಆಟಾ ಬಿಡಸ್ತಿ ಅಂತ... ಪಟ್ಟಿ ಸುತ್ತಕೊಂಡು ಆಡಿದೆ.”

ಪ್ರಣಿತಾ ತಂಗಿಯನ್ನು ಮೆಟ್ಟಿಲ ಮೇಲೆ ಮಲಗಿಸಿ ಉದ್ದನೆಯ ಸಾಕ್ಸ್ ಕೆಳಗಿಳಿಸಿದಳು. ಒಳಗೆ ಬಿಗಿಯಾದ ಪಟ್ಟಿ. ಪಟ್ಟಿಯ ಒಳಗೆ ಬಾವು. ತೊಡೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಕಣಕಾಲನ್ನು ಮೆಲ್ಲಗೆ ಮುಂದಕ್ಕೆ ಎಳೆದಳು.

ಜಾರಿತು... ಜಾರಬಾರದಷ್ಟು ಜಾರಿತು. ಒಳಗಿನ ಅಸ್ಥಿರಜ್ಜು ಹರಿದಿತ್ತು.

ಐದು ವಾರ ಈ ಮೆಟ್ಟಿಲ ಮೇಲೆ ಕುಳಿತು ಅವನ ಕಣ್ಣು ನೋಡಿದೆ, ಕೈ ನೋಡಿದೆ, ಮೊಬೈಲು ನೋಡಿದೆ. ನನ್ನ ತಂಗಿಯ ಕಾಲನ್ನು ನೋಡಲಿಲ್ಲ!

“ನನಗ ಗೊತ್ತಾಗಿ ಒಂಬತ್ತು ದಿನ ಆತು,” ಎಂದ ನಿಲೇಶ ತಗ್ಗಿದ ದನಿಯಲ್ಲಿ. “ಅವತ್ತಿಂದ ಗೋಲಿನ್ಯಾಗ ನಿಂದ್ರಸಿಲ್ಲ. ತಾನ ಹೇಳ್ತೀನಿ ಅಂತ ಅತ್ತಳು, ಟೈಮ್ ಕೊಟ್ಟೆ. ಕೊಡಬಾರದಿತ್ತು. ಅವತ್ತ ನಿಮಗ ಹೇಳಬೇಕಿತ್ತು. ತಪ್ಪು ನಂದ.”

“ಹೌದು, ನಿಮ್ದ ತಪ್ಪು!” ನಾಚಿಕೆಯೂ ಸಿಟ್ಟೂ ಒಟ್ಟಿಗೆ ಉಕ್ಕಿ ಬಂದವು. “ಹೋಗ್ರಿ ಇಲ್ಲಿಂದ. ಇನ್ನ ನಮ್ಮ ಕಡೆ ಬರಬ್ಯಾಡ್ರಿ!”

ಅವನು ಸುಣ್ಣದ ಡಬ್ಬಿಯನ್ನು ಗೋಡೆಯ ಬಳಿ ಇಟ್ಟು ಹೊರಟುಹೋದ. ತಿರುಗಿ ನೋಡಲಿಲ್ಲ.

ಮಿರಜಿನಲ್ಲೇ ಆಪರೇಷನ್ ಆಯಿತು. ಮೂರು ತಿಂಗಳು ಪ್ರಣಿತಾ ದಿನಕ್ಕೆರಡು ಸಲ ತಂಗಿಯ ಕಾಲು ಹಿಡಿದು ವ್ಯಾಯಾಮ ಮಾಡಿಸಿದಳು. ನೋವಿಗೆ ಅನುಜಾ ಕಿರುಚಿದಳು, ಜಗಳವಾಡಿದಳು, ಕೊನೆಗೊಂದು ದಿನ ಊರುಗೋಲು ಇಲ್ಲದೆ ಅಂಗಳ ದಾಟಿದಳು. ನಿಲೇಶ ಬರಲಿಲ್ಲ. ಬರಬೇಡಿ ಎಂದವಳೇ ಗೇಟಿನ ಸಪ್ಪಳವಾದಾಗಲೆಲ್ಲ ಕಿಟಕಿಯತ್ತ ನೋಡುತ್ತಿದ್ದಳು...

ಒಂದು ದಿನ ಅಪ್ಪ ಅಂಗಡಿಯಿಂದ ಬಂದವರೇ ಕರೆದರು.

“ಪ್ರಣಿತಾ, ಗೋವಾದಿಂದ ಫೋನ್ ಬಂದಿತ್ತು. ಅನುಜಾನ ಕಾಲು ಹೆಂಗೈತಿ ಅಂತ ಕೇಳಿದ್ರು. ಮುಂದಿನ ವರ್ಷಕ್ಕ ಆಕಿ ಜಾಗಾ ಹಂಗ ಇಟ್ಟಾರಂತ.”

“ಜಾಗಾ? ಬ್ಯಾಡ ಅಂದಿದ್ರಲ್ಲ ಅಪ್ಪಾ!”

“ಒಂದು ವರ್ಷ ಕಾಯ್ರಿ ಅಂತ ನಿಲೇಶ ಬರದಾನಂತ. ನೀ ಓದಿದ್ದಿಲ್ಲೇನು?”

ಅವಳು ಆ ಇಮೇಲನ್ನು ಹುಡುಕಿ ತೆಗೆದಳು. ಅಂದು ಓದದೆ ಬಿಟ್ಟಿದ್ದ ಸಾಲುಗಳು ಅಲ್ಲೇ ಇದ್ದವು.

‘ಮೊಣಕಾಲಿಗೆ ಪೆಟ್ಟಾಗಿದೆ. ಈಗ ಟ್ರಯಲ್‌ಗೆ ಕರೆದರೆ ನೋವು ನುಂಗಿ ಆಡಿಬಿಡುತ್ತಾಳೆ. ಒಂದು ವರ್ಷ ಕಾಯಿರಿ. ಇಂಥ ಕೀಪರ್ ಮತ್ತೆ ಸಿಗುವುದಿಲ್ಲ. ಇವಳ ಅಕ್ಕ ಫಿಜಿಯೋಥೆರಪಿಸ್ಟ್. ಆಕೆಯ ಕೈಯಲ್ಲಿ ಈ ಹುಡುಗಿ ಪೂರ್ತಿ ಗುಣವಾಗುತ್ತಾಳೆ. ಆ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.’

ಪ್ರಣಿತಾ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದಳು. ಅಕ್ಷರಗಳು ಮಸುಕಾದವು. ತಾನು ಒಂದು ದಿನವೂ ನಂಬದ ಮನುಷ್ಯ ತನ್ನನ್ನು ಇಷ್ಟು ನಂಬಿದ್ದನೇ!

“ಅಪ್ಪಾ, ಮ್ಹೈಸಾಳಕ್ಕ ಹೋಗಿ ಬರ್ತೀನಿ.”

ಶಿವಲಿಂಗಪ್ಪನವರು ಮಗಳ ಮುಖ ನೋಡಿದರು. “ಹೋಗ್ವಾ. ಊಟಕ್ಕ ಕರಕೊಂಡ ಬಾ ಅಂವನ್ನ.”

ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಪಕ್ಕದಲ್ಲೇ ದಾರಿ ಮಾಡಿಕೊಂಡು ಅವಳು ಮ್ಹೈಸಾಳ ಮುಟ್ಟಿದಳು. ಶಾಲೆಯ ಬಯಲಿನಲ್ಲಿ ಹತ್ತಾರು ಹುಡುಗಿಯರು ಚೆಂಡಿನ ಹಿಂದೆ ಓಡುತ್ತಿದ್ದರು. ಅವನು ಅಂಚಿನಲ್ಲಿ ನಿಂತು ಸೀಟಿ ಊದುತ್ತಿದ್ದ. ಅವಳನ್ನು ಕಂಡಾಗ ಸೀಟಿ ಬಾಯಲ್ಲೇ ಉಳಿಯಿತು.

“ಅನುಜಾ?” ಎಂದ ಮೊದಲು.

“ನಡ್ಯಾಕತ್ಯಾಳ. ಊರುಗೋಲು ಬಿಟ್ಟಾಳ.”

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ.

“ನಿಮ್ಮ ವರದಿ ನಾ ಪೂರಾ ಓದಲಿಲ್ಲ,” ಎಂದಳು ಅವಳು. “ಮೊದಲನೇ ಸಾಲು ಓದಿ ಓಡಿ ಬಂದೆ. ಎಲ್ಲಾರ ಮುಂದ ಎಷ್ಟು ಕೆಟ್ಟ ಮಾತಾಡಿದೆ... ಕ್ಷಮಾ ಮಾಡ್ರಿ.”

“ಒಂಬತ್ತು ದಿನ ಸುಮ್ಮನಿದ್ದಂವ ನಾ. ನಿಮ್ಮ ಸಿಟ್ಟು ಸುಳ್ಳಲ್ಲ.”

“ಯಾಕ ಸುಮ್ಮನಿದ್ರಿ?”

ಅವನು ಬಯಲಿನ ಕಟ್ಟೆಯ ಮೇಲೆ ಕುಳಿತ. “ಕಾಲೇಜಿನ ಕಡೇ ವರ್ಷ ಸೆಮಿಫೈನಲ್. ಎರಡು ದಿನ ಮೊದಲ ಈ ಮೊಣಕಾಲು ತಿರುವಿತ್ತು. ನೋಡಾಕ ಗೋವಾದಿಂದ ಸ್ಕೌಟ್ ಬಂದಿದ್ರು. ಸುಭಾಷ ಸರ್ ನೋವು ಗೊತ್ತಾಗಬಾರದಂತ ಇಂಜೆಕ್ಷನ್ ಹಾಕ್ಸಿ ಮೈದಾನಕ್ಕ ಇಳಿಸಿದ್ರು. ಎರಡು ಗೋಲು ಹೊಡದೆ. ಗೋವಾಕ್ಕ ಹೋದೆ. ಆರ ತಿಂಗಳಿಗೆ ಕಾಲು ಹೋತು. ಸರ್ ಇವತ್ತಿಗೂ ನನ್ನ ಕಣ್ಣಾಗ ಕಣ್ಣಿಟ್ಟು ಮಾತಾಡೂದಿಲ್ಲ. ಅನುಜಾ ಅಳೂದು ನೋಡಿ... ಆ ವಯಸ್ಸಿನ್ಯಾಗ ಆಟಾ ಬಿಡೂದಂದ್ರ ಏನಂತ ನನಗ ಗೊತ್ತಿತ್ರಿ. ನಾಕ ದಿನ ಆಕಿ ಮಾತು ಕೇಳೂಣು ಅಂದೆ. ಒಂಬತ್ತು ಆತು.”

ಪ್ರಣಿತಾ ಅವನ ಪಕ್ಕದಲ್ಲಿ ಕುಳಿತಳು.

“ಆಮ್ಯಾಲ ಯಾಕ ಒಂದ ಸಲಾನೂ ಬರಲಿಲ್ಲ?”

“ಬರಬ್ಯಾಡ ಅಂದಿದ್ರಿ.”

“ಅಂದಿದ್ದೆ. ಅಂದು ದಿನಾ ಕಿಟಕಿ ನೋಡ್ತಿದ್ದೆ...”

ಅವನು ತಟ್ಟನೆ ತಿರುಗಿದ. ಅವಳು ಮುಖ ತಗ್ಗಿಸಲಿಲ್ಲ.

“ಪ್ರಣಿತಾ ಅವರ, ಆರು ವಾರದ ಕೆಲಸಕ್ಕ ಬಂದಿದ್ದೆ ನಾ. ಮೆಟ್ಟಲ ಮ್ಯಾಲ ನೀವು ಇಲ್ಲದ ದಿನ ನನ್ನ ಕೆಲಸದಾಗ ಮನಸ್ಸು ನಿಲ್ತಿದ್ದಿಲ್ಲ. ನೀವು ಸಿಟ್ಟಿಲೆ ನೋಡಿದ್ರೂ ಸಾಕಿತ್ತು ನನಗ. ನನಗ ನೀವು ಬೇಕ್ರಿ.”

ಬಯಲಿನಲ್ಲಿ ಹುಡುಗಿಯರು ಗೋಲು ಹೊಡೆದು ಕೂಗಿದರು. ಇವರಿಬ್ಬರಿಗೂ ಕೇಳಿಸಲಿಲ್ಲ.

“ನನ್ನ ಸ್ವಭಾವ ಕೆಟ್ಟೈತಿ,” ಎಂದಳು ಪ್ರಣಿತಾ. “ನಾಳೆ ಮತ್ತ ಏನರ ಸಂಶೇ ಬರ್ತೈತಿ ನನಗ.”

“ಬರ್ಲಿ. ಬಂದ ದಿನ ನನ್ನ ಕೇಳ್ರಿ. ನಾ ಏನೂ ಮುಚ್ಚೂದಿಲ್ಲ.”

ಅವಳ ಕಣ್ಣು ತುಂಬಿ ಬಂತು. ಎದ್ದು ನಿಂತು ಅವನತ್ತ ಕೈ ಚಾಚಿದಳು.

“ನಡಿ. ಅಪ್ಪ ಊಟಕ್ಕ ಕಾಯಾಕತ್ತಾರ.”

ನಿಲೇಶ ಅಲ್ಲೇ ಕುಳಿತ. “ಈಗ ಏನಂದ್ರಿ?”

“ನಡಿ ಅಂದೆ.”

“ಇನ್ನೊಮ್ಮೆ ಅನ್ರಿ.”

“ಹಂಗಲ್ಲ,” ನಾಚಿಕೆಯಿಂದ ಅವಳ ಮುಖ ಕೆಂಪಾಯಿತು. “‘ಅನ್ನು’ ಅಂದ್ರ ಅಂತೀನಿ.”

ಅವನು ಅವಳ ಕೈ ಹಿಡಿದು ಎದ್ದ. ಬಿಡಲಿಲ್ಲ.

“ಅನ್ನು... ಪ್ರಣಿತಾ.”

“ನಡಿ, ನಿಲೇಶ. ಮನಿಗೆ ಹೋಗೂಣು.”